ತೆರಪಿಲ್ಲದ ಹಾಡು

ನಮ್ಮ ಹಾಡಿಗೆ ಒಳ್ಳೆಯ ಕಾಲ ಬಂದಿದೆ. ಈಗ ಅದು ಮೈ ತೊಳೆದು, ತಲೆ ಬಾಚಿ, ಸೆಂಟು ಹಾಕಿಕೊಂಡು ಓಡಾಡುತ್ತದೆ. ಲಿಫ್ಟಿನಲ್ಲಿ ಕೇಳಿಸುತ್ತದೆ. ಚಪ್ಪಲಿ ಅಂಗಡಿಯಲ್ಲಿ ಕೇಳಿಸುತ್ತದೆ. ದೊಡ್ಡ ಆಸ್ಪತ್ರೆಗೆ ಫೋನ್ ಮಾಡಿದರೆ, ಸ್ವಲ್ಪ ಕಾಯಿರಿ ಎಂದು ಹೇಳಿ ಅದನ್ನೇ ಹಾಕುತ್ತಾರೆ. ಮಗಳ ಕೈಯ ಹೊಲಿಗೆ ಯಾವಾಗ ಬಿಚ್ಚುತ್ತೀರಿ ಎಂದು ಕೇಳಲು ಫೋನ್ ಮಾಡಿದ ದಿನ ನಾನೂ ಅದನ್ನು ಮೊದಲಿಂದ ಕೊನೆಯವರೆಗೆ ಕೇಳಿದೆ. ಬಡ ನೆಂಟರನ್ನು ಕಂಡು ಮುಖ ತಿರುಗಿಸುವವರ ಹಾಗೆ, ಅದು ನನ್ನ ಗುರುತು ಹಿಡಿಯಲಿಲ್ಲ.

ನಾನು ಲಾಂಡ್ರಿಯವಳು. ಲಾಂಡ್ರಿ ಎಂದರೆ ರಸ್ತೆ ಬದಿಯ ಇಸ್ತ್ರಿ ಮೇಜಲ್ಲ. ಗೋದಾಮಿನಂಥ ದೊಡ್ಡ ಹಾಲು. ಕಿಟಕಿಗಳಿವೆ, ತೆರೆಯುವಂತಿಲ್ಲ. ತೆರೆದರೆ ಧೂಳು ಬಂದು ಬಿಳಿ ಬಟ್ಟೆ ಕೆಡುತ್ತದೆ. ಒಳಗಿದ್ದವರ ಎದೆ ಕೆಟ್ಟರೆ ಯಾವ ಗಿರಾಕಿಯೂ ದೂರು ಕೊಡುವುದಿಲ್ಲವಲ್ಲ. ಆಸ್ಪತ್ರೆಗಳಿಂದ, ಹೋಟೆಲುಗಳಿಂದ ಶೀಟುಗಳು ಮೂಟೆಮೂಟೆಯಾಗಿ ಬರುತ್ತವೆ. ರಕ್ತ, ಕೀವು, ವಾಂತಿ, ಹೆರಿಗೆಯ ನೀರು, ಹೊಸ ಜೋಡಿಗಳ ಸಂಭ್ರಮ, ಎಲ್ಲವನ್ನೂ ನಾವು ಬರಿಗೈಯಲ್ಲಿ ಬಿಡಿಸಿ ಬೇರೆ ಮಾಡುತ್ತೇವೆ. ಒಮ್ಮೊಮ್ಮೆ ಸೂಜಿ ಸಿಗುತ್ತದೆ. ಒಮ್ಮೆ ಹಲ್ಲಿನ ಸೆಟ್ಟೇ ಸಿಕ್ಕಿತ್ತು. ಸೋಪಿನ ನೀರಿಗೆ ನಮ್ಮ ಬೆರಳಿನ ಗೆರೆಗಳೆಲ್ಲ ಸವೆದು ಹೋಗಿವೆ. ಹಾಜರಿ ಯಂತ್ರದ ಮೇಲೆ ಹೆಬ್ಬೆಟ್ಟು ಒತ್ತಿದರೆ, ಇಂಥವರು ಯಾರೂ ಇಲ್ಲ ಎನ್ನುತ್ತದೆ. ಯಂತ್ರಕ್ಕಿರುವ ಪ್ರಾಮಾಣಿಕತೆ ಮನುಷ್ಯರಿಗಿಲ್ಲ. ಅವರು ನಮ್ಮನ್ನು ಕಂಡೂ ಹಾಗೆನ್ನುವುದಕ್ಕೆ ಸಂಕೋಚಪಡುತ್ತಾರೆ.

ತೊಳೆದ ಶೀಟು ಒದ್ದೆಯಾಗಿಯೇ ಬಿಸಿ ಉರುಳೆಗೆ ಬರುತ್ತದೆ. ಉದ್ದನೆಯ ಎರಡು ಕಬ್ಬಿಣದ ಉರುಳೆಗಳು, ಒಂದರ ಮೇಲೊಂದು, ಒಳಗೆ ಕೆಂಡದಂಥ ಕಾವು. ಇಬ್ಬರು ಹೆಂಗಸರು ಎದುರುಬದುರು ನಿಂತು ಶೀಟಿನ ಎರಡು ಮೂಲೆ ಹಿಡಿಯಬೇಕು. ಎಳೆಯಬೇಕು. ಅಂಚನ್ನು ಉರುಳೆಯ ಬಾಯಿಗೆ ಇಡಬೇಕು. ಸುಕ್ಕಾಗದಂತೆ ಅಂಗೈಯಲ್ಲಿ ಸವರಬೇಕು. ಕೈ ತೆಗೆಯಬೇಕು. ಅಂಚು ಸುಕ್ಕಾದರೆ ಬೈಗುಳ. ಕೈ ತೆಗೆಯುವುದು ತಡವಾದರೆ ಬೈಸಿಕೊಳ್ಳುವುದಕ್ಕೂ ಪುರುಸೊತ್ತು ಸಿಗುವುದಿಲ್ಲ. ಈ ಯಂತ್ರಕ್ಕೆ ನಾವಿಟ್ಟ ಹೆಸರು ಅತ್ತೆ. ಯಾವಾಗಲೂ ಕಾದೇ ಇರುತ್ತಾಳೆ, ಎಷ್ಟು ಕೊಟ್ಟರೂ ಸಾಲದು, ಬಾಯಿಗೆ ಸಿಕ್ಕವರನ್ನು ಬಿಡುವುದಿಲ್ಲ.

ಅತ್ತೆಯ ಬಾಯಿಯ ಮುಂದೆ ಅಡ್ಡಕ್ಕೆ ಒಂದು ಕಂಬಿ ಇದೆ. ಅದಕ್ಕೆ ಬೆರಳು ತಾಗಿದರೆ ಯಂತ್ರ ಗಕ್ಕನೆ ನಿಲ್ಲುತ್ತದೆ. ಮಾಡಿದ ಪುಣ್ಯಾತ್ಮ ಯಾರೋ, ಅವನಿಗೂ ಒಬ್ಬ ಅಕ್ಕನೋ ತಂಗಿಯೋ ಇದ್ದಿರಬೇಕು. ಆದರೆ ಬಟ್ಟೆಯ ಮಡಿಕೆ ತಾಗಿದರೂ ಅದು ನಿಲ್ಲುತ್ತಿತ್ತು. ಹೀಗೆ ಗಳಿಗೆಗೊಮ್ಮೆ ನಿಂತರೆ ಲಾಂಡ್ರಿ ಉದ್ಧಾರವಾದ ಹಾಗೆಯೇ ಎಂದು ನಮ್ಮ ಸೂಪರ್‌ವೈಸರ್ ಒಂದು ದಿನ ತಂತಿ ತಂದು ಕಂಬಿಯನ್ನು ಮೇಲಕ್ಕೆ ಬಿಗಿದು ಕಟ್ಟಿದ. ಇವನನ್ನು ನಾವು ಶಿಳ್ಳೆ ಎನ್ನುತ್ತೇವೆ. ನಮ್ಮನ್ನು ಕರೆಯಲು ಅವನು ಬಾಯಿ ದಣಿಸುವುದಿಲ್ಲ, ಶಿಳ್ಳೆ ಹಾಕುತ್ತಾನೆ. ಅವನ ಮನೆಯ ನಾಯಿಗೆ ಮಾತ್ರ ಹೆಸರಿದೆ.

ಕಂಬಿ ಹೋದ ಮೇಲೆ ನಮಗೆ ಉಳಿದದ್ದು ಹಾಡು. ಕೈ ಕಾಯುತ್ತಿದ್ದದ್ದು ಅದೇ.

ಅದನ್ನು ಮೊದಲು ಹಾಡಿದವಳು ನನ್ನ ಅಜ್ಜಿ. ಆಗ ಯಂತ್ರ ಇರಲಿಲ್ಲ, ನೀರಿನ ದಂಡೆಯಲ್ಲಿ ಕಲ್ಲುಗಳಿದ್ದವು. ಊರಿನವರ ಬಟ್ಟೆಯನ್ನೆಲ್ಲ ತಲೆಯ ಮೇಲೆತ್ತಿ ಕಲ್ಲಿಗೆ ಬಡಿಯುತ್ತ ಅವಳು ಹಾಡಿದ್ದು ಇಷ್ಟೇ:

ಕಲ್ಲಿಗೇನು ಗೊತ್ತು ಬಟ್ಟೆ ಯಾರದೆಂದು
ಬಟ್ಟೆಗೇನು ಗೊತ್ತು ಬೆನ್ನು ಯಾರದೆಂದು

ಎರಡು ಸಾಲು ಮುಗಿದ ಮೇಲೆ ಒಂದು ಉಸಿರಿನಷ್ಟು ಹೊತ್ತು ಹಾಡು ನಿಲ್ಲುತ್ತದೆ. ಅದನ್ನು ನಾವು ತೆರಪು ಎನ್ನುತ್ತೇವೆ. ಅಜ್ಜಿ ಆ ತೆರಪಿನಲ್ಲಿ ಸೊಂಟ ನೆಟ್ಟಗೆ ಮಾಡಿಕೊಳ್ಳುತ್ತಿದ್ದಳಂತೆ. ಅವ್ವನ ಕಾಲಕ್ಕೆ ಕೈಯಲ್ಲಿ ತಿರುಗಿಸಿ ಬಟ್ಟೆ ಹಿಂಡುವ ಗಾಲಿ ಬಂತು. ಅವ್ವ ರಾಗ ಸ್ವಲ್ಪ ತಗ್ಗಿಸಿದಳು, ಗಾಲಿಯ ತಿರುಗಣೆಗೆ ಹೊಂದಿಸಿದಳು, ತನ್ನದೂ ಎರಡು ಸಾಲು ಸೇರಿಸಿದಳು:

ಅವರ ಹಾಸಿಗೆ ಗುಟ್ಟೆಲ್ಲ ನಮ್ಮ ಕೈಯಲ್ಲಿ
ನಮ್ಮ ಕೈಯ ಗುಟ್ಟು ಹೇಳೇ ಯಾರ ಬಾಯಲ್ಲಿ

ರಾಗ ಕೆಡಿಸಿದಳು ಎಂದು ಅಜ್ಜಿ ಬಹಳ ದಿನ ಮಾತು ಬಿಟ್ಟಿದ್ದಳಂತೆ. ಅವ್ವನೂ ಬಿಗಿದುಕೊಂಡೇ ಇದ್ದಳು. ಕೊನೆಗೆ ಒಂದು ದಿನ ಅಜ್ಜಿ ತಾನೇ ಗಾಲಿಗೆ ಬಟ್ಟೆ ಕೊಡಲು ನಿಂತಳು. ಬೆರಳು ಸಿಕ್ಕಿಕೊಳ್ಳುವುದರಲ್ಲಿತ್ತು, ಮಗಳ ತೆರಪು ಬಂತು, ಕೈ ಹಿಂದೆ ಬಂತು. "ಪರವಾಗಿಲ್ಲ ಕಣೇ, ಚೆನ್ನಾಗೇ ಕೆಡಿಸಿದೀಯ" ಎಂದಳಂತೆ. ನನ್ನ ಕಾಲಕ್ಕೆ ಕರೆಂಟಿನ ಅತ್ತೆ ಬಂದಳು. ನಾನು ಹಾಡಿನ ವೇಗ ಹೆಚ್ಚಿಸಿ ನನ್ನೆರಡು ಸಾಲು ಹಾಕಿದೆ:

ಕೊಟ್ಟಷ್ಟೂ ನುಂಗುವಳು ಕಾದ ಬಾಯಿ ಅತ್ತೆ
ಬಟ್ಟೆ ತಗೋ ತಾಯಿ, ಬೆರಳು ಕೇಳಬೇಡ ಮತ್ತೆ

ಅವ್ವ ಮೂಗು ಮುರಿದಳು. ಮುರಿಯಲೇಬೇಕಲ್ಲ, ಅಮ್ಮಂದಿರು ಇರುವುದೇ ಅದಕ್ಕೆ. ಹೀಗೆ ಈ ಹಾಡನ್ನು ನಾವು ಮೂವರೂ ಸೇರಿ ಕೆಡಿಸಿದ್ದೇವೆ. ಯಾರೂ ಮುಟ್ಟಬಾರದು, ಹಳೆಯದು ಹಳೆಯದಾಗಿಯೇ ಇರಲಿ ಎಂದು ನಾನು ಹೇಳಿದರೆ ಅಜ್ಜಿ ಎದ್ದು ಬಂದು ಕಪಾಳಕ್ಕೆ ಹೊಡೆದಾಳು. ರಾಗ ಬದಲಾಯಿತು, ಮಾತು ಬದಲಾಯಿತು. ತೆರಪನ್ನು ಮಾತ್ರ ಯಾರೂ ಮುಟ್ಟಲಿಲ್ಲ. ಕೈಯಿದ್ದವರು ಯಾಕೆ ಮುಟ್ಟುತ್ತಾರೆ?

ಲಾಂಡ್ರಿಯ ಹಳೆಯ ಯಜಮಾನ ಸತ್ತು ಮಗ ಬಂದ. ಸಣ್ಣ ಯಜಮಾನ ಓದಿದವನು. ಅವನಿಗೆ ಕಲೆ ಎಂದರೆ ಪ್ರಾಣ. ನಮ್ಮ ಕಕ್ಕಸಿಗೆ ಬಾಗಿಲು ಹಾಕಿಸಲು ಅವನಿಗೆ ನೆನಪಾಗಲಿಲ್ಲ, ಆದರೆ ನಾವು ಹಾಡುವುದು ಮೊದಲ ದಿನವೇ ಕಿವಿಗೆ ಬಿತ್ತು. ತನ್ನ ಸ್ನೇಹಿತೆಯನ್ನು ಕರೆದುಕೊಂಡು ಬಂದ. ಅವಳು ಹೆಸರಾಂತ ಗಾಯಕಿ. ಪೋಸ್ಟರುಗಳಲ್ಲಿ ಅವಳದು ಜೇನುಕಂಠ ಎಂದು ಹಾಕುತ್ತಿದ್ದರು, ನಮ್ಮ ಬಾಯಲ್ಲೂ ಅದೇ ಅವಳ ಹೆಸರಾಯಿತು.

ಜೇನುಕಂಠ ಒಳ್ಳೆಯವಳು. ಅದನ್ನು ಹೇಳಲೇಬೇಕು. ಮೂಟೆಗಳ ವಾಸನೆಗೆ ಮೂಗು ಮುಚ್ಚಿಕೊಳ್ಳಲಿಲ್ಲ, ಉಸಿರನ್ನೇ ಬಿಗಿಹಿಡಿದು ಕೂತಳು. ಗಾಯಕಿಯರಿಗೆ ಆ ಅಭ್ಯಾಸ ಇರುತ್ತದೆ. ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕೂತು ನಮ್ಮನ್ನು ಹಾಡಿಸಿದಳು, ಫೋನಿನಲ್ಲಿ ತುಂಬಿಕೊಂಡಳು. ಅಳುವೂ ಬಂತು ಅವಳಿಗೆ. ನಾವು ಅಳಲಿಲ್ಲ, ಮೂಟೆ ಬಾಕಿ ಇತ್ತು.

"ಯಾರು ಬರೆದಿದ್ದು ಇದನ್ನ?" ಎಂದಳು.

"ನಮ್ಮಜ್ಜಿ ಮೊದಲು ಹಾಡಿದ್ದು. ಆಮೇಲೆ ನಮ್ಮವ್ವ. ಕೊನೇದು ನಂದು" ಎಂದೆ.

"ಅಂದ್ರೆ ಯಾರೂ ಬರೆದಿಲ್ಲ!" ಎಂದಳು, ಕಣ್ಣೊರೆಸಿಕೊಂಡು. "ಎಷ್ಟು ಚೆಂದ ಅಲ್ವಾ, ಯಾರದ್ದೂ ಅಲ್ಲದ ಹಾಡು."

ನಾನು ಮತ್ತೊಮ್ಮೆ ಹೇಳಿದೆ. ಅವಳು ನನ್ನ ಕೆನ್ನೆ ಸವರಿದಳು. ಕೆನ್ನೆ ಸವರಿದ ಮೇಲೆ ಮಾತು ಮುಂದುವರಿಸುವುದು ಹೇಗೆ ಎಂದು ನನಗೆ ಯಾರೂ ಕಲಿಸಿಲ್ಲ.

ಕೆಲವು ತಿಂಗಳಲ್ಲಿ ಹಾಡು ಹೊರಗೆ ಬಂತು. ಕಲ್ಲಿಗೇನು ಗೊತ್ತು ನಲ್ಲ ಯಾರೆಂದು, ಬಟ್ಟೆಗೇನು ಗೊತ್ತು ಬೆಳದಿಂಗಳೆಲ್ಲೆಂದು. ಬೆನ್ನು ಹೋಗಿ ಬೆಳದಿಂಗಳು ಬಂದಿತ್ತು. ಯಾರಿಗೆ ತಾನೇ ಬೇಕು ಬೆನ್ನು? ಹಾಸಿಗೆಯ ಗುಟ್ಟು ಪ್ರೇಮಿಗಳ ಪಾಲಾಯಿತು, ಅದಕ್ಕೆ ಕೊಳಲು ಬೇರೆ. ಅತ್ತೆಯ ಸಾಲನ್ನು ಅವರು ನಿಜವಾದ ಅತ್ತೆಯೆಂದೇ ತಿಳಿದು, ತುಂಟ ಸೊಸೆಯೊಬ್ಬಳ ನಗುವನ್ನು ಹಾಕಿದ್ದರು. ಹಾಡಿನ ಕೆಳಗೆ ಬರೆದಿತ್ತು: ರಚನೆ, ಅಜ್ಞಾತ. ನಮ್ಮ ಮನೆಯಲ್ಲಿ ಅಜ್ಞಾತ ಆಗ ಕಾಲು ಚಾಚಿ ಕೂತು ಟೀ ಕುಡಿಯುತ್ತಿದ್ದಳು. ಮಗಳು ಫೋನನ್ನು ಅವ್ವನ ಕಿವಿಗೆ ಹಿಡಿದಳು. ಅವ್ವ ಪೂರ್ತಿ ಕೇಳಿದಳು.

"ಯಾರೇ ಇವಳು?" ಎಂದಳು. "ಹೊಟ್ಟೆ ತುಂಬ ಉಂಡು ಹಾಡ್ತಿದಾಳೆ. ಪಾಪ, ಕೈ ಎಲ್ಲಿಟ್ಕೊಂಡಿದಾಳೋ."

ನಾನು ಕೇಳಿದ್ದು ಬೇರೆ. ತೆರಪು ಇರಲಿಲ್ಲ. ಎರಡು ಸಾಲಾದ ತಕ್ಷಣ ಮೂರನೆಯದು ಹತ್ತಿಕೊಂಡು ಬರುತ್ತಿತ್ತು. ನಡುವೆ ಹಳ್ಳ ಬಿದ್ದರೆ ಕೇಳುವವರು ಎದ್ದು ಹೋಗುತ್ತಾರಂತೆ, ಅದಕ್ಕೆ ಹಳ್ಳವನ್ನೆಲ್ಲ ತುಂಬಿ ರಸ್ತೆ ಮಾಡಿದ್ದರು.

ಮಗಳಿಗೆ ಮಾತ್ರ ಅದು ತುಂಬಾ ಇಷ್ಟವಾಯಿತು. ಆಗಷ್ಟೇ ಲಾಂಡ್ರಿಗೆ ಸೇರಿದ್ದಳು. ನನ್ನೆದುರಿನ ಮೂಲೆ ಅವಳದು. ಸಣ್ಣಗೆ ಇದ್ದುದರಿಂದ ಎಲ್ಲರೂ ಅವಳನ್ನು ಗುಬ್ಬಿ ಎನ್ನುತ್ತಿದ್ದರು. ನನ್ನ ಹೊಟ್ಟೆಯಲ್ಲಿದ್ದಾಗಲೇ ಹಾಡು ಕೇಳಿಸಿಕೊಂಡವಳು, ಸಾಲು ಶುರುವಾದರೆ ಅವಳ ಕೈ ತಾನಾಗಿ ಆಡುತ್ತಿತ್ತು.

"ನಿಂದು ಹಳೇದಮ್ಮಾ" ಎಂದಳು. "ಇದು ನೋಡು, ಎಷ್ಟು ಸ್ಟೈಲಾಗಿದೆ. ನಮ್ಮ ಹಾಡೇ ತಾನೆ?"

"ನಮ್ಮದೇ, ಹೌದು. ತವರು ಮರೆತಿದೆ ಅಷ್ಟೇ."

ಅವಳು ನಕ್ಕಳು. ನಾನೂ ನಕ್ಕೆ. ಅಮ್ಮನ ಹಾಡಿಗಿಂತ ಬೇರೆಯವರ ಹಾಡು ಚೆಂದ ಎನ್ನುವುದು ಆ ವಯಸ್ಸಿನ ಹಕ್ಕು. ನಾನೂ ಹಾಗೇ ಇದ್ದೆ.

ಆಮೇಲೆ ಸಣ್ಣ ಯಜಮಾನನಿಗೆ ಉದಾರ ಬುದ್ಧಿ ಬಂತು. ಹಾಲಿನ ನಾಲ್ಕು ಮೂಲೆಗೂ ಸ್ಪೀಕರ್ ಹಾಕಿಸಿದ. ಎಲ್ಲರನ್ನೂ ನಿಲ್ಲಿಸಿ ಭಾಷಣ ಮಾಡಿದ. "ಇದು ನಿಮ್ಮ ಹಾಡು. ನಿಮಗೇ ಉಡುಗೊರೆ" ಎಂದ. ನಮ್ಮ ಮನೆಯ ಚೊಂಬು ಕದ್ದು, ಕಲಾಯಿ ಹಾಕಿಸಿ, ನಮಗೇ ಬಳುವಳಿ ಕೊಟ್ಟ ಹಾಗೆ. ನಾವು ಚಪ್ಪಾಳೆ ತಟ್ಟಿದೆವು. ಶಿಳ್ಳೆ ಮುಂದೆ ನಿಂತಿದ್ದ, ತಟ್ಟದೆ ಇರುವಂತಿರಲಿಲ್ಲ. ರೆಕಾರ್ಡು ನಮ್ಮ ಹಾಡಿಗಿಂತ ಜೋರು ಓಡುತ್ತಿತ್ತು. ಅದರ ಜೊತೆಗೆ ಕೈಗಳೂ ಓಡಿದರೆ ಯಾರಿಗೆ ಲಾಭ ಎಂದು ಕಲಾರಸಿಕನಾದ ಯಜಮಾನ ಯೋಚಿಸಿರಲಿಕ್ಕಿಲ್ಲ ಎಂದುಕೊಳ್ಳೋಣ.

ನಾನು ಶಿಳ್ಳೆಯ ಹತ್ತಿರ ಹೋದೆ.

"ಇದರಲ್ಲಿ ತೆರಪಿಲ್ಲ. ಕೈ ತೆಗೆಯೋದು ಯಾವಾಗ?"

"ಕಾಲಕ್ಕೆ ತಕ್ಕ ಹಾಗೆ ಹಾಡು ಬದಲಾಗತ್ತೆ ಕಣಮ್ಮ. ನೀವೂ ಬದಲಾಗಿ."

"ಹಂಗಾದ್ರೆ ನಮ್ಮ ಹಾಡು ನಾವು ಹಾಡ್ಕೋತೀವಿ, ಅದನ್ನ ನಿಲ್ಲಿಸಿ."

"ಎರಡೂ ಸೇರಿದ್ರೆ ಗಲಾಟೆ ಆಗತ್ತೆ. ಬಾಯಿ ಮುಚ್ಕೊಂಡು ನಿಮ್ಮ ಹಾಡು ಕೇಳಿ" ಎಂದ.

ಹಳಬರು ಕಿವಿಗೆ ಹತ್ತಿ ತುರುಕಿಕೊಂಡೆವು. ತುಟಿ ಅಲುಗಿಸದೆ ಒಳಗೊಳಗೇ ನಮ್ಮದನ್ನು ಹೇಳಿಕೊಂಡು ಕೆಲಸ ಮಾಡಿದೆವು. ಆದರೂ ಎಲ್ಲರ ಬೆರಳ ತುದಿಯಲ್ಲಿ ಸುಟ್ಟ ಬೊಬ್ಬೆಗಳಿದ್ದವು. ಗುಬ್ಬಿಗೆ ಹತ್ತಿ ಕೊಟ್ಟರೆ ಬೇಡವೆಂದಳು. ಹಾಡಿನ ಜೊತೆಗೆ ಹಾಡಿಕೊಳ್ಳುತ್ತಾ ಕೆಲಸ ಮಾಡುತ್ತಿದ್ದಳು. ಜೇನುಕಂಠಕ್ಕಿಂತ ಅವಳ ದನಿಯೇ ಚೆನ್ನಾಗಿತ್ತು. ಹೆತ್ತವರಿಗೆ ಹೆಗ್ಗಣ ಮುದ್ದು ಎಂದುಕೊಳ್ಳಿ, ಪರವಾಗಿಲ್ಲ.

ಅವತ್ತು ಆಸ್ಪತ್ರೆಯ ಶೀಟು. ಮೂಲೆ ಹಿಡಿದೆವು, ಎಳೆದೆವು, ಅಂಚು ಇಟ್ಟೆವು, ಸವರಿದೆವು. ಸಾಲು ಶುರುವಾದರೆ ಕೈ ಮುಂದೆ, ತೆರಪು ಬಂದರೆ ಕೈ ಹಿಂದೆ. ಅವಳ ಮೈಗೆ ಗೊತ್ತಿದ್ದದ್ದು ಅಷ್ಟೇ. ತೆರಪು ಬರಲಿಲ್ಲ. ಮುಂದಿನ ಸಾಲು ಬಂತು. ಅವಳ ಕೈ ಇನ್ನೂ ಮುಂದೆ ಹೋಯಿತು.

ಅವಳು ಮೊದಲು ಕೂಗಲಿಲ್ಲ. ನನ್ನ ಮುಖ ನೋಡಿದಳು. ಅಮ್ಮ ಏನೋ ಮಾಡುತ್ತಾಳೆ ಎನ್ನುವ ಹಾಗೆ ನೋಡಿದಳು. ಕಂಬಿ ಮೇಲೆ ತಂತಿಯಲ್ಲಿ ನೇತಾಡುತ್ತಿತ್ತು. ನಾನು ಶೀಟನ್ನು ಹಿಂದಕ್ಕೆ ಎಳೆದೆ. ಯಾರೋ ಓಡಿ ಹೋಗಿ ಗೋಡೆಯ ಮೇನ್ ಸ್ವಿಚ್ಚು ಕಿತ್ತರು. ಉರುಳೆ ನಿಂತಾಗ ಅವಳ ಬಲಗೈ ಅರ್ಧ ಒಳಗಿತ್ತು, ಬಿಳಿ ಬಟ್ಟೆ ಕೆಂಪಾಗುತ್ತಿತ್ತು, ಸುಟ್ಟ ವಾಸನೆ ಬರುತ್ತಿತ್ತು. ಸ್ಪೀಕರಿನ ಲೈನು ಬೇರೆ. ಹಾಡು ನಿಲ್ಲಲಿಲ್ಲ. ತುಂಟ ಸೊಸೆ ನಗುತ್ತಲೇ ಇದ್ದಳು.

ಎರಡು ಬೆರಳು ಹೋದವು. ಉಳಿದ ಮೂರಕ್ಕೆ ಚರ್ಮ ಕಸಿ ಮಾಡಿದರು. ಅವಳು ಮಲಗಿದ್ದ ಮಂಚದ ಶೀಟು ನಮ್ಮ ಲಾಂಡ್ರಿಯದೇ. ಅಂಚಿನಲ್ಲಿ ಒಂದು ಸುಕ್ಕೂ ಇರಲಿಲ್ಲ.

ಸಣ್ಣ ಯಜಮಾನ ಹಣ್ಣಿನ ಬುಟ್ಟಿ ಕಳಿಸಿದ, ಬಣ್ಣದ ರಿಬ್ಬನ್ ಕಟ್ಟಿಸಿ. ಒಂದೇ ಕೈಯಲ್ಲಿ ಆ ರಿಬ್ಬನ್ ಬಿಚ್ಚಲು ಅವಳಿಗೆ ಆಗಲಿಲ್ಲ. ಶಿಳ್ಳೆ ಬಂದು, ಹುಡುಗಿ ಹಾಡಿನಲ್ಲಿ ಮೈಮರೆತಿದ್ದಳು, ತಪ್ಪು ಅವಳದೇ, ಪಾಪ ಎಂದ. ಗಾಯ ಮಾಗಿದ ಮೇಲೆ ಕೆಲಸಕ್ಕೆ ಬರಲೇ ಎಂದು ಗುಬ್ಬಿ ಕೇಳಿದಳು.

"ಎಂಟು ಬೆರಳಲ್ಲಿ ಮೂಲೆ ಹಿಡಿಯಕ್ಕಾಗತ್ತಾ?" ಎಂದ ಶಿಳ್ಳೆ. "ಮನೇಲಿ ಆರಾಮಾಗಿರು."

ಮನೆಯ ಆರಾಮಿನ ಬಗ್ಗೆ ಅವನಿಗೆ ಏನು ಗೊತ್ತು? ಅವ್ವನ ಔಷಧಿ, ಬಾಡಿಗೆ, ಒಲೆ, ಎಲ್ಲಕ್ಕೂ ನಾವಿಬ್ಬರು ದುಡಿಯಬೇಕಿತ್ತು. ಅದಕ್ಕಿಂತ ಹೆಚ್ಚಾಗಿ, ಮಗಳು ಗೋಡೆಗೆ ಮುಖ ಮಾಡಿ ಮಲಗಲು ಶುರು ಮಾಡಿದ್ದಳು. ಹಾಡು ನಿಂತೇ ಹೋಗಿತ್ತು. ಬಚ್ಚಲಿನಲ್ಲಿ ಕೂಡ ಗುನುಗುತ್ತಿರಲಿಲ್ಲ. ನನಗೆ ಅವಳು ಮತ್ತೆ ನನ್ನೆದುರು ಮೂಲೆ ಹಿಡಿದು ನಿಲ್ಲುವುದನ್ನು ನೋಡಬೇಕಿತ್ತು. ಬೇರೇನೂ ಬೇಡವಾಗಿತ್ತು.

ಅಷ್ಟರಲ್ಲಿ ಜೇನುಕಂಠಕ್ಕೆ ಸುದ್ದಿ ಮುಟ್ಟಿತು. ಅವಳು ನಮ್ಮ ಮನೆಗೇ ಬಂದಳು. ಈ ಸಲ ಅಳುವುದಕ್ಕೆ ಮೊದಲೇ ಕರವಸ್ತ್ರ ತೆಗೆದಿಟ್ಟುಕೊಂಡಿದ್ದಳು. ನಾನು ಎಲ್ಲವನ್ನೂ ಹೇಳಿದೆ. ತೆರಪು ಎಂದರೇನು, ಅದನ್ನು ತೆಗೆದರೆ ಏನಾಗುತ್ತದೆ, ಏನಾಯಿತು ಎಂದು ಬಿಡಿಸಿ ಹೇಳಿದೆ. ನಾಚಿಕೆಯಾಗಬಹುದು ಎಂದುಕೊಂಡಿದ್ದೆ. ಅವಳ ಕಣ್ಣು ಮಿಂಚಿತು.

"ಅಯ್ಯೋ, ಎಂಥಾ ಕಥೆ!" ಎಂದಳು. "ಹಾಡಿನ ಹಿಂದೆ ಇಂಥಾ ಕಥೆ ಇದೆ ಅಂತ ಜನಕ್ಕೆ ಗೊತ್ತಾಗಬೇಕು. ವೀಡಿಯೊ ಮಾಡೋಣ. ನಿಮ್ಮ ಲಾಂಡ್ರಿಯಲ್ಲೇ. ಗುಬ್ಬಿ ಬಂದು ಕೈ ತೋರಿಸಲಿ, ಈ ಹಾಡೇ ನನಗೆ ಧೈರ್ಯ ಕೊಟ್ಟಿದ್ದು ಅಂತ ಒಂದು ಮಾತು ಹೇಳಲಿ. ಸಾಕು. ಕೆಲಸಕ್ಕೆ ವಾಪಸ್ ತಗೊಳೋ ಹಾಗೆ ನಾನು ಹೇಳ್ತೀನಿ."

ಬೆರಳು ತೋರಿಸಿದರೆ ಹಸ್ತ ನುಂಗುವವರು ಎನ್ನುತ್ತಾರೆ. ಇವರು ಬೆರಳು ನುಂಗಿ ಆಗಿತ್ತು, ಈಗ ಹಸ್ತ ತೋರಿಸು ಎನ್ನುತ್ತಿದ್ದರು. ನಾನು ಬೇಡ ಎಂದೆ. ಗುಬ್ಬಿ ಗೋಡೆಯಿಂದ ಈ ಕಡೆ ತಿರುಗಿದಳು.

"ಕೆಲಸ ಕೊಡ್ತಾರಾ?" ಎಂದಳು.

"ಖಂಡಿತ."

"ಬರ್ತೀನಿ."

ಆ ದಿನ ಲಾಂಡ್ರಿಗೆ ನೀವು ಬರಬೇಕಿತ್ತು. ಬಾಗಿಲ ಬಳಿ ನೀರಿನ ಬಾಟಲಿಗಳು, ಬಿಸ್ಕತ್ತು, ಫ್ಯಾನು. ಕಿಟಕಿಗಳನ್ನೆಲ್ಲ ತೆರೆದಿದ್ದರು, ಬೆಳಕು ಬೇಕಂತೆ. ಗಾಳಿ ಒಳಗೆ ಬಂತು, ಯಾವ ಬಟ್ಟೆಯೂ ಸಾಯಲಿಲ್ಲ. ಜೇನುಕಂಠ ಒಗೆಯುವವಳ ವೇಷದಲ್ಲಿ ಬಂದಿದ್ದಳು. ಅಂಗಿ ಅಲ್ಲಲ್ಲಿ ಹರಿದಿತ್ತು. ಒಳ್ಳೆಯ ದರ್ಜಿ ಹರಿದದ್ದು, ಎಲ್ಲೂ ನೂಲು ಬಿಟ್ಟಿರಲಿಲ್ಲ. ಒಬ್ಬ ಹುಡುಗಿ ಪುಟ್ಟ ಬಾಟಲಿಯಿಂದ ಅವಳ ಹಣೆಗೆ ಬೆವರು ಸಿಂಪಡಿಸಿದಳು. ಹಿಂದೆ ನಿಂತಿದ್ದ ನಮಗೆ ಕ್ಯಾಮೆರಾದವನು, "ನೀವೆಲ್ಲ ಬೆವರು ಒರೆಸ್ಕೊಳಿ, ತುಂಬಾ ಹೊಳೆಯುತ್ತೆ" ಎಂದ.

ಅತ್ತೆಯನ್ನು ಬೆಳಗಿನಿಂದಲೇ ಆರಿಸಿಟ್ಟಿದ್ದರು. ತಣ್ಣಗಿದ್ದಳು. ನಾನು ಅವಳನ್ನು ತಣ್ಣಗೆ ಮುಟ್ಟಿದ್ದು ಅದೇ ಮೊದಲು. ಶಿಳ್ಳೆ ಏಣಿ ಹತ್ತಿ, ಕಂಬಿಯ ತಂತಿ ಬಿಚ್ಚಿ, ಅದನ್ನು ಕೆಳಗಿಳಿಸಿ, ತನ್ನ ಮೊಣಕೈಯಿಂದ ತಟ್ಟಿ ನೋಡಿದ. ಯಂತ್ರ ಗಕ್ಕನೆ ನಿಂತಿತು. ಮತ್ತೆ ಶುರು ಮಾಡಿ, ಮತ್ತೆ ತಟ್ಟಿದ. ನಿಂತಿತು. "ಸೇಫ್ ಆಗಿದೆ ಮೇಡಂ" ಎಂದ. ಉರುಳೆಯನ್ನು ಆಮೆಯ ವೇಗಕ್ಕೆ ಇಳಿಸಿದರು. ಜೇನುಕಂಠ ಶೀಟಿನ ಮೂಲೆ ಹಿಡಿದು ಹಾಡಿಗೆ ತುಟಿ ಆಡಿಸಿದಳು. ಎರಡು ಸಾಲಾದ ಮೇಲೆ, "ಇಲ್ಲಿ ಸ್ವಲ್ಪ ನಿಲ್ಲಿಸಿ, ನಾನು ಕ್ಯಾಮೆರಾ ನೋಡಬೇಕು" ಎಂದಳು. ಹಾಡನ್ನೂ ಯಂತ್ರವನ್ನೂ ನಿಲ್ಲಿಸಿದರು. ಮತ್ತೆ ಎರಡು ಸಾಲು. ಮತ್ತೆ ನಿಲ್ಲಿಸಿದರು.

ಹಾಗಾದರೆ ಆಗುತ್ತದೆ. ಎಲ್ಲವೂ ಆಗುತ್ತದೆ. ಕಿಟಕಿ ತೆರೆಯಲು ಆಗುತ್ತದೆ, ಕಂಬಿ ಇಳಿಸಲು ಆಗುತ್ತದೆ, ಎರಡು ಸಾಲಿಗೊಮ್ಮೆ ನಿಲ್ಲಲು ಆಗುತ್ತದೆ. ಕೈ ಯಾರದು ಎನ್ನುವುದಷ್ಟೇ ಪ್ರಶ್ನೆ. ಗುಬ್ಬಿಯೂ ನೋಡುತ್ತಿದ್ದಳು. ಬಲಗೈಯನ್ನು ಎಡಗೈಯಲ್ಲಿ ಹಿಡಿದುಕೊಂಡು, ಕಣ್ಣು ಮಿಟುಕಿಸದೆ ಆ ಕಂಬಿಯನ್ನು ನೋಡುತ್ತಿದ್ದಳು.

"ಬಾ ಪುಟ್ಟಾ" ಎಂದು ಜೇನುಕಂಠ ಕರೆದಳು. "ಇಲ್ಲಿ ನನ್ನ ಪಕ್ಕ ನಿಂತ್ಕೋ. ಕೈ ಎತ್ತಿ ತೋರಿಸು."

ಗುಬ್ಬಿ ಹೋಗಿ ನಿಂತಳು. ಕೈ ಎತ್ತಲಿಲ್ಲ.

"ತೋರಿಸ್ತೀನಿ ಮೇಡಂ. ಮೊದಲು ಮಷೀನು ಬಿಸಿ ಮಾಡಿಸಿ."

"ಯಾಕೆ?"

"ಕಂಬಿ ಮೇಲೆತ್ತಿ ತಂತಿ ಕಟ್ಟಿಸಿ. ನಮ್ಮ ಸ್ಪೀಡಿಗೆ ಬಿಡಿ. ನಿಮ್ಮ ಹಾಡೇ ಹಾಕಿ, ನಿಲ್ಲಿಸಬೇಡಿ. ನೀವು ಒಂದೇ ಒಂದು ಶೀಟು ಕೊಡಿ. ಆಮೇಲೆ ನಾನು ಕೈ ತೋರಿಸ್ತೀನಿ. ಧೈರ್ಯ ಬಂತು ಅನ್ನು ಅಂದ್ರೆ ಅಂತೀನಿ. ಅಳು ಅಂದ್ರೆ ಅಳ್ತೀನಿ."

ಜೇನುಕಂಠ ನಕ್ಕಳು. ಬೇರೆ ಯಾರೂ ನಗಲಿಲ್ಲ. ಉರುಳೆಯ ಮೇಲಿದ್ದ ಅವಳ ಎರಡು ಕೈಗಳೂ ಕೆಳಗಿಳಿದವು, ಹಿಂದಕ್ಕೆ ಹೋದವು, ಬೆನ್ನ ಹಿಂದೆ ಒಂದನ್ನೊಂದು ಹಿಡಿದುಕೊಂಡವು. ತಣ್ಣಗಿದ್ದ ಯಂತ್ರದ ಎದುರು, ನಿಂತಿದ್ದ ಉರುಳೆಯ ಎದುರು. ಅವಳ ಹಣೆಯ ಮೇಲೆ ಬಾಟಲಿಯದಲ್ಲದ ಬೆವರು ಬಂದಿತ್ತು.

ಆದರೆ ದೊಡ್ಡ ಕಲಾವಿದೆ, ಬೇಗ ಸುಧಾರಿಸಿಕೊಂಡಳು. ಕ್ಯಾಮೆರಾದವನ ಕಡೆ ತಿರುಗಿ, "ಏನ್ ಮಾತಾಡಿದ್ಲು ನೋಡಿದ್ಯಾ! ಇದು ಬಂತಾ? ರೋಲ್ ಆಗ್ತಿದೆ ತಾನೆ?" ಎಂದು ಪಿಸುಗುಟ್ಟಿದಳು. ಅಂಗೈ ಹುಣ್ಣಿಗೆ ಕನ್ನಡಿ ಯಾಕೆ ಎನ್ನುತ್ತಾರೆ. ಇವರಿಗೆ ಕ್ಯಾಮೆರಾ ಬೇಕಿತ್ತು. ಕ್ಯಾಮೆರಾದವನು ಇನ್ನೂ ಹತ್ತಿರ ಬಂದ.

ಗುಬ್ಬಿ ಬಲಗೈ ಎತ್ತಿದಳು. ಎತ್ತಿ ನೇರವಾಗಿ ಕ್ಯಾಮೆರಾದ ಕಣ್ಣಿನ ಮೇಲೆ ಒತ್ತಿ ಇಟ್ಟಳು.

"ಕೈ ಬೇಕಿತ್ತಲ್ವಾ? ತಗೊಳಿ."

ಅವನು ಪಕ್ಕಕ್ಕೆ ಸರಿಸಿದ. ಅವಳ ಕೈಯೂ ಸರಿಯಿತು. ಅವನು ಹಿಂದೆ ಹೋದ. ಅವಳೂ ಹೋದಳು. ಗೋಡೆಯವರೆಗೆ ಹೋದರು. ಕೊನೆಗೆ ಅವನು ಕ್ಯಾಮೆರಾ ಕೆಳಗಿಟ್ಟ. ಜೇನುಕಂಠ ಯಜಮಾನನ ಕಡೆ ನೋಡಿ, ಈ ಮನಸ್ಥಿತಿಯಲ್ಲಿ ತನಗೆ ಕೆಲಸ ಮಾಡಲು ಆಗುವುದಿಲ್ಲ ಎಂದಳು. ಹೊರಟೂ ಬಿಟ್ಟಳು. ಭಾಗ್ಯವಂತೆ. ಮನಸ್ಥಿತಿ ಸರಿಯಿಲ್ಲವೆಂದು ನಾವು ಒಂದು ದಿನವೂ ಹೊರಟವರಲ್ಲ.

ಸಣ್ಣ ಯಜಮಾನನ ಮುಖ ಕೆಂಪಾಗಿತ್ತು. "ನಾಟಕ ಸಾಕು. ಆಸ್ಪತ್ರೆ ಲಾರಿ ಬರೋ ಹೊತ್ತಾಯ್ತು. ಮಷೀನು ಹಚ್ಚಿ" ಎಂದ. ಗುಬ್ಬಿಗೆ, "ನಿನಗಿಲ್ಲಿ ಕೆಲಸ ಇಲ್ಲ, ಆಚೆ ನಡಿ" ಎಂದ. ಶಿಳ್ಳೆ ಸ್ವಿಚ್ಚು ಹಾಕಿ, ಜೇಬಿ‌ನಿಂದ ತಂತಿ ತೆಗೆದು ಏಣಿಯ ಕಡೆ ಹೊರಟ. ಸ್ಪೀಕರಿನಲ್ಲಿ ಬೆಳದಿಂಗಳು ಶುರುವಾಯಿತು.

ನಾನು ಏಣಿಗೆ ಅಡ್ಡ ನಿಂತೆ.

"ಮೇಡಂ ಕೈಗೆ ಅಂತ ಬಿಚ್ಚಿದ್ದನ್ನ ನಮ್ಮ ಕೈಗೆ ಅಂತ ಕಟ್ಟಬೇಡ."

"ದಾರಿ ಬಿಡು."

"ಬಿಡಲ್ಲ."

ಇಷ್ಟು ವರ್ಷದಲ್ಲಿ ಆ ಮಾತು ನನ್ನ ಬಾಯಿಂದ ಬಂದಿರಲಿಲ್ಲ. ಬಂದ ಮೇಲೆ ಗೊತ್ತಾಯಿತು, ಅದು ಬಹಳ ಚಿಕ್ಕ ಮಾತು. ನಾನು ನನ್ನ ಕೈಗಳನ್ನು ಕಂಕುಳಲ್ಲಿ ಇಟ್ಟುಕೊಂಡೆ. ಪಕ್ಕದ ಯಂತ್ರದ ಅಕ್ಕ ನನ್ನ ನೋಡಿ ತನ್ನವನ್ನೂ ಇಟ್ಟುಕೊಂಡಳು. ಮೂಟೆ ಬಿಚ್ಚುವ ಚಿಕ್ಕಮ್ಮ, ಮಡಿಸುವ ಇಬ್ಬರು ಓರಗಿತ್ತಿಯರು, ತೊಟ್ಟಿಯ ಬಳಿಯವರು, ಒಬ್ಬೊಬ್ಬರಾಗಿ ಎಲ್ಲರ ಕೈಗಳೂ ಕಂಕುಳು ಸೇರಿದವು. ಉರುಳೆ ಬರಿದೇ ತಿರುಗುತ್ತಿತ್ತು. ಒದ್ದೆ ಶೀಟುಗಳ ರಾಶಿಯಿಂದ ನೀರು ಇಳಿದು ಯಜಮಾನನ ಬೂಟಿನ ಕಡೆ ಹೊರಟಿತ್ತು. ಹೊರಗೆ ಲಾರಿಯವನು ಹಾರನ್ ಬಾರಿಸಿದ.

"ಎಷ್ಟು ಜನಾನ ಬೇಕಾದ್ರೂ ತರ್ತೀನಿ" ಎಂದ ಯಜಮಾನ.

"ತನ್ನಿ" ಎಂದಳು ಚಿಕ್ಕಮ್ಮ. "ಲಾರಿ ಕಾಯತ್ತಾ ಕೇಳ್ಕೊಂಡು ಬನ್ನಿ."

ಹಾರನ್ ಮತ್ತೆ ಕೇಳಿಸಿತು. ಈ ಸಲ ಬಹಳ ಹೊತ್ತು. ಯಜಮಾನ ಶಿಳ್ಳೆಯನ್ನು ನೋಡಿದ. ಶಿಳ್ಳೆ ಏಣಿಯನ್ನು ನೋಡಿದ, ಕಂಬಿಯನ್ನು ನೋಡಿದ, ತಂತಿಯನ್ನು ಸುತ್ತಿ ಮತ್ತೆ ಜೇಬಿಗೆ ಹಾಕಿಕೊಂಡ. ನಾನು ಹೋಗಿ ರಾಶಿಯಿಂದ ಒಂದು ಶೀಟು ತೆಗೆದು ನನ್ನ ಮೂಲೆ ಹಿಡಿದೆ. ಎದುರಿನ ಮೂಲೆ ಖಾಲಿ ಇತ್ತು. ಅಲ್ಲಿಗೆ ಬರಲು ಹೊರಟ ಒಬ್ಬಳಿಗೆ ನಾನು ಬೇಡವೆಂದು ತಲೆಯಾಡಿಸಿದೆ. ಒಂದೇ ಮೂಲೆ ಹಿಡಿದು ನಿಂತೆ.

ಗುಬ್ಬಿ ಬಾಗಿಲ ಬಳಿಯಿಂದ ನಡೆದು ಬಂದಳು. ಯಜಮಾನನ ಪಕ್ಕದಿಂದಲೇ ಬಂದಳು. ಎಡಗೈಯಲ್ಲಿ ಮೂಲೆ ಹಿಡಿದು, ಬಲಗೈಯ ಮೂರು ಬೆರಳನ್ನು ಅದರ ಮೇಲೆ ಒತ್ತಿದಳು. ಜಾರಿತು. ಮತ್ತೆ ಹಿಡಿದಳು. ಈ ಸಲ ನಿಂತಿತು. ನಾನು ಎಳೆದೆ, ಅವಳೂ ಎಳೆದಳು, ಶೀಟು ಬಿಗಿಯಾಯಿತು. ಅತ್ತೆ ಕಾಯುತ್ತಿದ್ದಳು, ಕಂಬಿ ಬಾಯಿಯ ಮುಂದೆ ಇತ್ತು. ನಾನು ಮುಂದೆ ಹೆಜ್ಜೆ ಇಟ್ಟೆ. ಅವಳು ಇಡಲಿಲ್ಲ. ಸ್ಪೀಕರಿನ ಕಡೆ ಗದ್ದ ಎತ್ತಿ, ಶಿಳ್ಳೆಗೆ ಹೇಳಿದಳು:

"ಆ ಹಾಡು ನಿಲ್ಸಪ್ಪಾ. ನಾವು ಕೆಲಸ ಮಾಡಬೇಕು."